ಕಂಠೀರವ ಕ್ರೀಡಾಂಗಣ

ಖಟಕ ಚಿಂಚೋಳಿಯಲ್ಲಿ ಕುಳಿತು ಬೆಂಗಳೂರಿನ ಮೈದಾನವೊಂದರ ವಿಷಯವಾಗಿ ಬರೆಯಹೊರಟ ನಮ್ಮನ್ನು ಕಂಡು ವಾಚಕರಲ್ಲಿ ಕೆಲವರಾದರೂ ನಕ್ಕಾರು. ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಈ ಊರಿಗೂ ರಾಜಧಾನಿಗೂ ನಡುವೆ ಸುಮಾರು ೭೦೦ ಕಿಲೋಮೀಟರುಗಳ ದಾರಿ. ಸಂಜೆ ಗಾಡಿ ಹತ್ತಿದವರು ಇಡೀ ರಾತ್ರಿಯನ್ನು ಕಳೆದು ಮರುದಿನ ಬೆಳಗ್ಗೆ ಅಲ್ಲಿ ಇಳಿಯಬೇಕು. ಆದರೂ ಈಚಿನ ಕೆಲವು ವರ್ಷಗಳಿಂದ ನಮ್ಮ ಮನೆಯ ಪಡಸಾಲೆಯಲ್ಲಿ ಆ ಮೈದಾನದ ಮಾತು ಬಾರದ ವಾರವಿಲ್ಲ. ಮಾತನ್ನು ತಂದವರು ಮನೆಯ ಹುಡುಗರು. ಅದನ್ನು ವ್ಯಾಜ್ಯವಾಗಿ ಬೆಳೆಸಿದವರು ಮನೆಯ ಹಿರಿಯರಾದ ಮುತ್ಯಾ. ವ್ಯಾಜ್ಯವು ಒಂದೇ ಒಂದು ಒದೆತಕ್ಕೆ ಸಂಬಂಧಪಟ್ಟದ್ದು. ಅದನ್ನು ವಾಚಕರ ಮುಂದಿಡುವ ಮೊದಲು ಮೈದಾನದ ಪರಿಚಯವನ್ನು ಮಾಡಿಕೊಡುವುದು ಯುಕ್ತವೆಂದು ತೋರುತ್ತದೆ.

ಕಬ್ಬನ್ ಉದ್ಯಾನದ ಮಗ್ಗುಲಲ್ಲಿ, ಕಸ್ತೂರಬಾ ರಸ್ತೆಗೆ ಸಮೀಪದಲ್ಲಿ ಶ್ರೀ ಕಂಠೀರವ ಕ್ರೀಡಾಂಗಣವಿದೆ. ಇಂದು ಹಸಿರು ಹುಲ್ಲೂ ಕೆಂಪು ಓಟದ ಹಾದಿಯೂ ಇರುವ ಆ ನೆಲವು ಹಿಂದೆ ಸಂಪಂಗಿ ಕೆರೆಯಾಗಿತ್ತು. ಬೆಂಗಳೂರಿನ ಪೇಟೆಗೂ ದಂಡಿಗೂ ನಡುವೆ ಹರಡಿದ್ದ ಆ ಕೆರೆಯ ನೀರನ್ನು ಜನರು ಬಳಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ ಕೊಳವೆಯ ಮೂಲಕ ನೀರು ಬರತೊಡಗಿದ ತರುವಾಯ ಊರೊಳಗಿನ ಕೆರೆಗಳ ಹಂಗು ಕಡಮೆಯಾಯಿತು. ಹಂಗು ಕಡಮೆಯಾದ ಮೇಲೆ ಆದರವೂ ಕಡಮೆಯಾಗುವುದು ಲೋಕರೂಢಿಯಷ್ಟೆ. ಕೆರೆ ಬತ್ತಿತು, ಅಂಗಳದಲ್ಲಿ ಕ್ರೀಡಾಂಗಣವೆದ್ದಿತು. ಆದರೂ ಬೆಂಗಳೂರು ಕರಗದ ಉತ್ಸವಕ್ಕೆ ಸಂಪಂಗಿ ಕೆರೆಯ ನೀರು ಬೇಕೇ ಬೇಕು. ಅದಕ್ಕಾಗಿ ಮೈದಾನದ ಬದಿಯಲ್ಲಿ ಒಂದು ಸಣ್ಣ ಕೊಳವನ್ನು ಉಳಿಸಿಕೊಂಡಿದ್ದಾರೆ. ಕೆರೆಯನ್ನು ಕಳೆದುಕೊಂಡ ಊರು ಅದರ ಒಂದು ಬೊಗಸೆಯನ್ನಾದರೂ ಇಟ್ಟುಕೊಂಡಿತೆಂದು ನಾವು ಸಮಾಧಾನಪಡಬೇಕು.

ಕಂಠೀರವವೆಂದರೆ ಸಿಂಹ. ಮೈಸೂರಿನ ಅರಸುಮನೆತನದಲ್ಲಿ ಮರಳಿ ಮರಳಿ ಬಂದ ಹೆಸರಿದು. ನಮ್ಮ ಕಡೆಯ ಹಳ್ಳಿಗಳಿಗೆ ಈ ಹೆಸರನ್ನು ತಂದುಕೊಟ್ಟದ್ದು ಮಾತ್ರ ಅರಸರ ಚರಿತ್ರೆಯಲ್ಲ, ೧೯೬೦ರಲ್ಲಿ ರಾಜಕುಮಾರರು ಅಭಿನಯಿಸಿದ ‘ರಣಧೀರ ಕಂಠೀರವ’ ಚಿತ್ರ. ಬೆಂಗಳೂರಿನಲ್ಲಿ ಇದೇ ಹೆಸರಿನ ಚಿತ್ರನಿರ್ಮಾಣದ ಸ್ಟುಡಿಯೋ ಒಂದಿರುವುದರಿಂದ, ಊರ ಹೊರಗಣವರು ಒಂದನ್ನು ಹುಡುಕಿ ಇನ್ನೊಂದಕ್ಕೆ ಹೋಗುವುದೂ ಉಂಟು. ಕ್ರೀಡಾಂಗಣಕ್ಕೂ ಸ್ಟುಡಿಯೋಗೂ ಇರುವ ನಂಟನ್ನು ಮುಂದೆ ಹೇಳುತ್ತೇವೆ. ಅದು ದುಃಖದ ನಂಟು.

ಇಂದಿನ ರೂಪದಲ್ಲಿ ಈ ಕ್ರೀಡಾಂಗಣವು ೧೯೯೭ರಲ್ಲಿ ಬೆಂಗಳೂರಿನಲ್ಲಿ ನಡೆದ ರಾಷ್ಟ್ರೀಯ ಕ್ರೀಡೆಗಳ ಕಾಲಕ್ಕೆ ಸಿದ್ಧವಾಯಿತು. ಸುಮಾರು ೨೫,೦೦೦ ಜನರು ಕೂಡಬಹುದಾದ ಸ್ಥಳ. ನಾವು ಮನೆಯ ಕೆಲಸಕ್ಕಾಗಿ ಒಮ್ಮೆ ರಾಜಧಾನಿಗೆ ಹೋದಾಗ ಹುಡುಗರ ಒತ್ತಾಯಕ್ಕೆ ಒಳಗಾಗಿ ಅಲ್ಲಿಯ ಮೆಟ್ಟಿಲುಗಳ ಮೇಲೆ ಒಂದು ಸಂಜೆ ಕುಳಿತಿದ್ದೆವು. ಅಂದು ನಮ್ಮ ಕಣ್ಣಿಗೆ ಮೊದಲು ಬಿದ್ದುದು ಆಟಗಾರರಲ್ಲ, ಆಟಗಾರರಿಗೂ ನಮಗೂ ನಡುವೆ ಇದ್ದ ದೂರ. ಚೆಂಡಿನ ಅಂಗಳದ ಸುತ್ತ ಎಂಟು ಸಾಲಿನ, ೪೦೦ ಮೀಟರು ಸುತ್ತಳತೆಯ ಓಟದ ಹಾದಿ ಬಳಸಿಕೊಂಡಿದೆ. ಆದುದರಿಂದ ಬರಿಯ ಕಾಲ್ಚೆಂಡಿಗಾಗಿಯೇ ಕಟ್ಟಿದ ಮೈದಾನಗಳಲ್ಲಿ ಆಟಗಾರನ ಉಸಿರು ಕೇಳುವಷ್ಟು ಹತ್ತಿರ ಕೂರುವಂತೆ ಇಲ್ಲಿ ಕೂರುವಂತಿಲ್ಲ. ಓಟಗಾರರು ತಮ್ಮ ಹಾದಿಯಲ್ಲಿ ಅಭ್ಯಾಸಕ್ಕೆ ಬರಬೇಕು. ಚೆಂಡಿನವರಿಗೆ ಪಂದ್ಯದ ದಿನ ಇಡೀ ಸ್ಥಳವೇ ಬೇಕು. ಈ ಇಬ್ಬರಿಗೂ ಆಗಾಗ ಮನಸ್ತಾಪವಾಗುತ್ತ ಬಂದಿದೆ. ಒಂದೇ ಬಾವಿಯಿಂದ ಎರಡು ಮನೆಯವರು ನೀರು ಸೇದುವಾಗ ಹಗ್ಗಗಳು ತೊಡಕಾಗುವುದು ಸಹಜ. ನಮ್ಮ ಅಭಿಪ್ರಾಯವನ್ನು ಕೇಳುವವರಿಲ್ಲ. ಕೇಳಿದರೆ, ಓಟಗಾರನಿಗೆ ಬೇರೆ ಹಾದಿಯನ್ನು ಕಟ್ಟಿಕೊಡದೆ ಇರುವ ಹಾದಿಯಿಂದ ಅವನನ್ನು ಎಬ್ಬಿಸಬಾರದೆಂದು ಹೇಳುತ್ತೇವೆ. ೨೦೨೫ರ ಜುಲೈ ೫ರಂದು ನೀರಜ್ ಚೋಪ್ರಾರವರು ತಮ್ಮ ಹೆಸರಿನ ಭರ್ಜಿ ಎಸೆತದ ಕೂಟವನ್ನು ಇಲ್ಲಿಯೇ ನಡೆಸಿ, ೮೬.೧೮ ಮೀಟರು ಎಸೆದು ತಾವೇ ಗೆದ್ದರು. ಆ ದಿನ ಮೈದಾನ ಯಾರದೆಂದು ಯಾರೂ ಕೇಳಲಿಲ್ಲ.

ಕಾಲ್ಚೆಂಡಿನ ಕೀರ್ತಿಯು ಇಲ್ಲಿಗೆ ಬಂದದ್ದು ತೀರ ಈಚೆಗೆ. ೨೦೧೩ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತಂಡವು ಮೊದಲ ವರ್ಷ ಅಶೋಕನಗರದ ಹಳೆಯ ಫುಟ್‌ಬಾಲ್ ಮೈದಾನದಲ್ಲಿ ಆಡಿ, ಆ ವರ್ಷವೇ ದೇಶದ ಐ-ಲೀಗ್ ಪಟ್ಟವನ್ನು ಗೆದ್ದು, ತರುವಾಯ ೨೦೧೪ರಲ್ಲಿ ಕಂಠೀರವಕ್ಕೆ ಬಂದಿತು. ಭಾರತದ ತಂಡವೂ ಇಲ್ಲಿ ಆಡತೊಡಗಿತು. ೨೦೧೫ರಲ್ಲಿ ವಿಶ್ವಕಪ್ಪಿನ ಅರ್ಹತೆಯ ಪಂದ್ಯಗಳಲ್ಲಿ ಒಮಾನ್ ತಂಡಕ್ಕೆ ೧–೨ರಿಂದಲೂ ಇರಾನಿಗೆ ೦–೩ರಿಂದಲೂ ಸೋತು, ಗುವಾಮ್ ಎಂಬ ಸಣ್ಣ ದ್ವೀಪದ ತಂಡವನ್ನು ೧–೦ರಿಂದ ಗೆದ್ದುದು ಇಲ್ಲಿಯೇ. ೨೦೧೭ರ ಅಕ್ಟೋಬರ್ ೧೧ರಂದು ಮಕಾವ್ ತಂಡವನ್ನು ೪–೧ರಿಂದ ಸೋಲಿಸಿ ೨೦೧೯ರ ಏಷ್ಯಾ ಕಪ್ಪಿಗೆ ಸ್ಥಾನವನ್ನು ದೊರಕಿಸಿಕೊಂಡುದೂ ಇಲ್ಲಿಯೇ.

ಇವೆಲ್ಲಕ್ಕಿಂತ ದೊಡ್ಡದೆಂದು ನಮ್ಮ ಮನೆಯ ಹುಡುಗರು ಹೇಳುವುದು ೨೦೧೬ರ ಅಕ್ಟೋಬರ್ ೧೯ರ ರಾತ್ರಿಯನ್ನು. ಅಂದು ಎ.ಎಫ್.ಸಿ. ಕಪ್ಪಿನ ಉಪಾಂತ್ಯದ ಎರಡನೆಯ ಪಂದ್ಯ. ಎದುರಾಳಿಗಳು ಮಲೇಷ್ಯದ ಜೊಹೋರ್ ತಂಡದವರು, ಹಿಂದಿನ ವರ್ಷ ಅದೇ ಕಪ್ಪನ್ನು ಗೆದ್ದವರು. ಅವರ ಊರಿನಲ್ಲಿ ನಡೆದ ಮೊದಲ ಪಂದ್ಯ ೧–೧ರಲ್ಲಿ ಮುಗಿದಿತ್ತು. ಇಲ್ಲಿ ಮೊದಲ ಗೋಲನ್ನು ಅವರೇ ಹೊಡೆದರು. ಅನಂತರ ಸುನೀಲ್ ಛೇತ್ರಿ ಎರಡು ಗೋಲುಗಳನ್ನೂ ಸ್ಪೇನಿನ ಹುವಾನಾನ್ ಒಂದನ್ನೂ ಹೊಡೆದು ೩–೧ರಿಂದ ಪಂದ್ಯವನ್ನು ತಮ್ಮದಾಗಿಸಿಕೊಂಡರು. ಭಾರತದ ತಂಡವೊಂದು ಆ ಕಪ್ಪಿನ ಕೊನೆಯ ಪಂದ್ಯಕ್ಕೆ ಏರಿದುದು ಅದೇ ಮೊದಲು. ದೋಹಾದಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಇರಾಕಿನ ವಾಯುದಳದ ತಂಡಕ್ಕೆ ಒಂದು ಗೋಲಿನಿಂದ ಸೋತರೆಂಬುದನ್ನು ಹುಡುಗರು ಕೇಳಿದರೆ ಮಾತ್ರ ಹೇಳುತ್ತಾರೆ.

೨೦೨೩ರ ಜೂನ್-ಜುಲೈ ತಿಂಗಳುಗಳಲ್ಲಿ ದಕ್ಷಿಣ ಏಷ್ಯದ ಸ್ಯಾಫ್ ಪಂದ್ಯಾವಳಿಯೆಲ್ಲ ಇಲ್ಲಿಯೇ ನಡೆಯಿತು. ಜೂನ್ ೨೧ರಂದು ಪಾಕಿಸ್ತಾನದೊಡನೆ ಆಟ. ಪರವಾನಗಿಯ ತೊಡಕಿನಿಂದ ಪಾಕಿಸ್ತಾನದ ಆಟಗಾರರು ಬೆಂಗಳೂರಿಗೆ ಬಂದಿಳಿದುದು ಪಂದ್ಯದ ದಿನವೇ. ಪ್ರಯಾಣದ ಆಯಾಸವಿನ್ನೂ ಆರದ ಕಾಲುಗಳಲ್ಲಿ ಅವರು ಮಳೆ ಬಿದ್ದ ಅಂಗಳಕ್ಕಿಳಿದರು. ಭಾರತ ೪–೦ರಿಂದ ಗೆದ್ದಿತು. ಮೂರು ಗೋಲುಗಳು ಛೇತ್ರಿಯವರವು. ಗೆಲುವು ಗೆಲುವೇ ಸರಿ. ಆದರೆ ಬಂದ ಅತಿಥಿಗಳಿಗೆ ಒಂದು ರಾತ್ರಿಯ ನಿದ್ದೆ ಸಿಕ್ಕಿದ್ದರೆ ಆ ಗೆಲುವು ಇನ್ನಷ್ಟು ರುಚಿಸುತ್ತಿತ್ತೆಂದು ನಮಗೆ ಅನಿಸುವುದುಂಟು. ಜುಲೈ ೪ರಂದು ಕುವೈತಿನೊಡನೆ ಕೊನೆಯ ಪಂದ್ಯ. ೧–೧ರಲ್ಲಿ ಸಮವಾಗಿ, ಪೆನಾಲ್ಟಿ ಒದೆತಗಳಲ್ಲಿ ೫–೪ರಿಂದ ಭಾರತದ ಪಾಲಾಯಿತು. ಕುವೈತಿನ ಕೊನೆಯ ಒದೆತವನ್ನು ಗೋಲುಕೀಪರ್ ಗುರುಪ್ರೀತ್ ತಡೆದಾಗ ನಮ್ಮ ಪಡಸಾಲೆಯಲ್ಲಿ ಎದ್ದ ಕೂಗಿಗೆ ಕೊಟ್ಟಿಗೆಯಲ್ಲಿದ್ದ ಎಮ್ಮೆ ಹಗ್ಗ ಕಿತ್ತುಕೊಂಡಿತು. ಆ ರಾತ್ರಿ ಮೈದಾನದಲ್ಲಿ ನೆರೆದವರು ಒಕ್ಕೊರಲಿನಿಂದ ವಂದೇ ಮಾತರಂ ಹಾಡಿದರು.

ಆದರೆ ಕಂಠೀರವದಲ್ಲಿ ಅತ್ಯಂತ ದೊಡ್ಡ ಗುಂಪು ನೆರೆದುದು ಯಾವ ಆಟಕ್ಕೂ ಅಲ್ಲ. ೨೦೦೬ರ ಏಪ್ರಿಲ್ ೧೨ರಂದು ರಾಜಕುಮಾರರು ತೀರಿಕೊಂಡಾಗ ಅವರ ಪಾರ್ಥಿವ ಶರೀರವನ್ನು ಜನರ ದರ್ಶನಕ್ಕೆ ಇಲ್ಲಿ ಇರಿಸಿದ್ದರು. ಹದಿನೈದು ವರ್ಷಗಳ ತರುವಾಯ, ೨೦೨೧ರ ಅಕ್ಟೋಬರ್ ೨೯ರಂದು ಅವರ ಕಿರಿಯ ಮಗ ಪುನೀತರು ನಡುವಯಸ್ಸಿನಲ್ಲಿಯೇ ಅಗಲಿದಾಗ ಅವರನ್ನೂ ಇಲ್ಲಿಗೇ ತಂದರು. ತಂದೆಮಕ್ಕಳಿಬ್ಬರ ಸಮಾಧಿಯೂ ಆಗಲೇ ಹೇಳಿದ ಕಂಠೀರವ ಸ್ಟುಡಿಯೋದಲ್ಲಿದೆ. ಪುನೀತರ ಮರಣವಾರ್ತೆ ನಮ್ಮ ಊರಿಗೆ ಬಂದ ದಿನ ಒಲೆ ಹಚ್ಚದ ಮನೆಗಳನ್ನು ನಾವು ಬಲ್ಲೆವು. ಅಂದು ಹುಡುಗರು ಪರದೆಯ ಮೇಲೆ ಆ ಸಾಲುಗಳನ್ನು ನೋಡುತ್ತ, ಜನರು ನಡೆಯುತ್ತಿರುವುದು ತಾವು ಬಲ್ಲ ಅದೇ ಅಂಗಳದ ಬದಿಯಲ್ಲಿ ಎಂದು ಗುರುತಿಸಿ ಮೌನವಾದರು. ಅದೇ ಸ್ಥಳದಲ್ಲಿ ೨೦೧೩ರ ಮೇ ೧೩ರಂದೂ ೨೦೨೩ರ ಮೇ ೨೦ರಂದೂ ಸಿದ್ದರಾಮಯ್ಯನವರು ಮುಖ್ಯಮಂತ್ರಿಗಳಾಗಿ ಪ್ರಮಾಣವಚನವನ್ನು ಸ್ವೀಕರಿಸಿದರು.

ಪ್ರಮಾಣವಚನದ ಮಾತು ಬಂದಾಗಲೇ ಮುತ್ಯಾ ಬಾಯಿ ತೆರೆಯುವುದು. “ಇದೇನು ಹೊಸದಲ್ಲೋ ತಮ್ಮಾ, ನಮ್ಮ ಫತೇ ಮೈದಾನದಾಗೂ ಹಿಂಗೇ ಆಗ್ತದ” ಎಂದು ಅವರು ಪ್ರಾರಂಭಿಸುತ್ತಾರೆ. ಬೀದರು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಹುಟ್ಟಿದ ಅವರಿಗೆ ಇಂದಿಗೂ ‘ನಮ್ಮದು’ ಎಂದರೆ ಹೈದರಾಬಾದಿನ ಫತೇ ಮೈದಾನ. ೧೬೮೭ರಲ್ಲಿ ಔರಂಗಜೇಬನ ಸೈನ್ಯವು ಗೋಲ್ಕೊಂಡವನ್ನು ಮುತ್ತಿದಾಗ ಪಾಳೆಯ ಬಿಟ್ಟಿದ್ದ ಬಯಲದು. ಗೆದ್ದ ಮೇಲೆ ವಿಜಯದ ಮೈದಾನವೆಂದು ಹೆಸರಾಯಿತು. ೧೯೬೭ರಲ್ಲಿ ಅದಕ್ಕೆ ಲಾಲ್ ಬಹಾದೂರ್ ಶಾಸ್ತ್ರಿಯವರ ಹೆಸರನ್ನು ಇಟ್ಟರು. ೧೯೮೩ರಲ್ಲಿ ಎನ್.ಟಿ. ರಾಮರಾಯರು ಅಲ್ಲಿಯೇ ಪ್ರಮಾಣವಚನವನ್ನು ಸ್ವೀಕರಿಸಿದರು. ೨೦೨೩ರ ಡಿಸೆಂಬರಿನಲ್ಲಿ ರೇವಂತ ರೆಡ್ಡಿಯವರೂ ಹಾಗೆಯೇ ಮಾಡಿದರು. ೨೦೦೮ರಲ್ಲಿ ಎ.ಎಫ್.ಸಿ. ಚಾಲೆಂಜ್ ಕಪ್ಪಿನ ಕಾಲ್ಚೆಂಡಿನ ಪಂದ್ಯಗಳು ಅಲ್ಲಿ ನಡೆದವು. ಮಳೆ ಬಿಡದೆ ಹೊಯ್ದುದರಿಂದ ಕೊನೆಯ ಪಂದ್ಯವನ್ನು ದೆಹಲಿಗೆ ಒಯ್ಯಬೇಕಾಯಿತು. ಮುತ್ಯಾ ಚಿಕ್ಕವರಾಗಿ ಆ ನಗರದಲ್ಲಿ ಓದುತ್ತಿದ್ದಾಗ, ೧೯೫೫ರ ನವೆಂಬರಿನಲ್ಲಿ, ಪಾಲಿ ಉಮ್ರಿಗರ್ ನ್ಯೂಜಿಲೆಂಡಿನ ಎದುರು ಅಲ್ಲಿ ೨೨೩ ಓಟಗಳನ್ನು ಮಾಡಿದರು. ಟೆಸ್ಟ್ ಕ್ರಿಕೆಟ್ಟಿನಲ್ಲಿ ಭಾರತೀಯನೊಬ್ಬ ಇನ್ನೂರನ್ನು ದಾಟಿದುದು ಅದೇ ಮೊದಲು.

ಆದರೆ ಮುತ್ಯಾನ ಪಾಲಿಗೆ ಹೈದರಾಬಾದೆಂದರೆ ಕ್ರಿಕೆಟ್ಟಲ್ಲ, ಸಯ್ಯದ್ ಅಬ್ದುಲ್ ರಹೀಮರು. ರಹೀಮರು ವೃತ್ತಿಯಿಂದ ಶಾಲೆಯ ಉಪಾಧ್ಯಾಯರು. ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ ಅವರು ಕಲಿಸತೊಡಗಿದ ಮೇಲೆ ಆ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ೧೯೫೦ರಿಂದ ೧೯೫೪ರವರೆಗೆ ಐದು ವರ್ಷ ಬಿಡದೆ ಗೆದ್ದಿತು. ಅವರ ಪಾಠದ ಕ್ರಮವೇ ಬೇರೆ. ಚೆಂಡನ್ನು ಕಾಲಲ್ಲೇ ಉರುಳಿಸುತ್ತ ಮೆರೆಯುವ ಹುಡುಗರಿಗಾಗಿ, ಚೆಂಡನ್ನು ಹಿಡಿದಿಟ್ಟುಕೊಳ್ಳದೆ ಒಡನೆಯೇ ಜೊತೆಗಾರನಿಗೆ ದಾಟಿಸಲೇಬೇಕೆಂಬ ನಿಯಮದ ಪಂದ್ಯಗಳನ್ನು ನಡೆಸುತ್ತಿದ್ದರು. ಬಲಗಾಲಿನವರು ಎಡಗಾಲಿನಿಂದಲೇ ಒದೆಯಬೇಕೆಂಬ ಪಂದ್ಯಗಳನ್ನೂ ನಡೆಸುತ್ತಿದ್ದರು. ಕಾಲಿಗಿಂತ ಮೊದಲು ತಲೆ ಓಡಬೇಕೆಂಬುದು ಅವರ ಪಾಠ. ಅವರ ಮಾರ್ಗದರ್ಶನದಲ್ಲಿ ಭಾರತವು ೧೯೫೧ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನವನ್ನು ಗೆದ್ದಿತು, ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯದಾಗಿ ಬಂದಿತು, ೧೯೬೨ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯವನ್ನು ೨–೧ರಿಂದ ಸೋಲಿಸಿ ಮತ್ತೆ ಚಿನ್ನವನ್ನು ಪಡೆಯಿತು. ಆಗಲೇ ರಹೀಮರಿಗೆ ಕ್ಯಾನ್ಸರ್ ರೋಗ ಅಂಟಿತ್ತು. ೧೯೬೩ರ ಜೂನ್ ೧೧ರಂದು ತೀರಿಕೊಂಡರು. ಭಾರತದ ಕಾಲ್ಚೆಂಡು ಆ ಎತ್ತರಕ್ಕೆ ಮತ್ತೆ ಏರಲಿಲ್ಲವೆಂದು ಮುತ್ಯಾ ಹೇಳುವಾಗ ಹುಡುಗರಿಗೆ ಎದುರಾಡಲು ಮಾತಿರುವುದಿಲ್ಲ. ನಾವು ಮಾತ್ರ ಬೆಂಗಳೂರಿನ ಪರವಾಗಿ ಒಂದು ಮಾತು ಸೇರಿಸುತ್ತೇವೆ: ಗೋರಾ ಪಲ್ಟನ್ನುಗಳ ಕೈಯಲ್ಲಿಯೇ ಇದ್ದ ಅದೇ ರೋವರ್ಸ್ ಕಪ್ಪನ್ನು ೧೯೩೭ರಲ್ಲಿ ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್.

೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ನಮ್ಮ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ ಹೋದವು. ಭಾಲ್ಕಿ, ಔರಾದಗಳೊಡನೆ ನಾವು ಮೈಸೂರಿಗೆ ಬಂದೆವು. ಭಾಷೆಯ ಮನೆ ಸೇರಿದ ಸಂತೋಷ ದೊಡ್ಡದು. ಅದಕ್ಕೆ ಎರಡು ಮಾತಿಲ್ಲ. ಆದರೆ ಬೀದರಿನಿಂದ ಒಂದೂವರೆ ನೂರು ಕಿಲೋಮೀಟರಿನ ಅಂತರದಲ್ಲಿದ್ದ ಮೈದಾನವು ಪರರದಾಗಿ, ಏಳುನೂರು ಕಿಲೋಮೀಟರು ದೂರದ್ದು ನಮ್ಮದಾಯಿತು. ಮರುವರ್ಷವೇ, ೧೯೫೭–೫೮ರ ಸಂತೋಷ್ ಟ್ರೋಫಿಯನ್ನು ಹೈದರಾಬಾದು ತನ್ನ ಊರಿನಲ್ಲಿಯೇ ಮುಂಬಯಿಯನ್ನು ಸೋಲಿಸಿ ಗೆದ್ದಿತು. ಆ ದಿನ ಸಂತೋಷಪಡಬೇಕೋ ಬೇಡವೋ ತಿಳಿಯದೆ ಒಂದು ಹೊತ್ತು ಸುಮ್ಮನೆ ಕುಳಿತಿದ್ದೆನೆಂದು ಮುತ್ಯಾ ಹೇಳುತ್ತಾರೆ. ಮೈಸೂರು ತಂಡವು ೧೯೬೮–೬೯ರಲ್ಲಿ ಬೆಂಗಳೂರಿನಲ್ಲಿ ಬಂಗಾಳವನ್ನು ಸೋಲಿಸಿ ಅದೇ ಟ್ರೋಫಿಯನ್ನು ಗೆದ್ದಾಗ ಅವರು ಊರಿನಲ್ಲಿ ಪೇಢೆ ಹಂಚಿದ್ದರಂತೆ. ಆಮೇಲೆ ಐವತ್ತನಾಲ್ಕು ವರ್ಷ ಪೇಢೆಗೆ ಕಾರಣ ಒದಗಲಿಲ್ಲ. ೨೦೨೩ರ ಮಾರ್ಚ್ ೪ರಂದು ಸೌದಿ ಅರೇಬಿಯದ ರಿಯಾದಿನಲ್ಲಿರುವ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಮೇಘಾಲಯವನ್ನು ೩–೨ರಿಂದ ಸೋಲಿಸಿ ಕರ್ನಾಟಕ ಗೆದ್ದಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು ೧೯೭೩ರಲ್ಲಿ. ಆ ಹೆಸರಿನಲ್ಲಿ ಟ್ರೋಫಿ ಮನೆಗೆ ಬಂದುದು ಇದೇ ಮೊದಲು.

ಪೇಢೆ ಹಂಚಬೇಕಾದ ಆ ದಿನವೇ ಮನೆಯಲ್ಲಿ ಜಗಳ ನಡೆದಿತ್ತು. ಏಕೆಂದರೆ ಅದರ ಹಿಂದಿನ ರಾತ್ರಿ, ಮಾರ್ಚ್ ೩ರಂದು, ಕಂಠೀರವದಲ್ಲಿ ಆ ಒದೆತವಾಯಿತು.

ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸಿಗೂ ಐ.ಎಸ್.ಎಲ್. ಪಂದ್ಯ, ಸೋತವರು ಹೊರಗೆ. ತೊಂಬತ್ತು ನಿಮಿಷಗಳಲ್ಲಿ ಗೋಲಿಲ್ಲದೆ ಹೆಚ್ಚುವರಿ ಆಟ ನಡೆಯುತ್ತಿತ್ತು. ೯೬ನೆಯ ನಿಮಿಷದಲ್ಲಿ ಕೇರಳದ ಗೋಲಿನ ಸಮೀಪ ಬೆಂಗಳೂರಿಗೆ ಒಂದು ಫ್ರೀ ಕಿಕ್ ದೊರೆಯಿತು. ಇಂಥ ವೇಳೆಯಲ್ಲಿ ಕಾಯುವ ಪಕ್ಷದವರು ಚೆಂಡಿನಿಂದ ೯.೧೫ ಮೀಟರು ದೂರದಲ್ಲಿ ಗೋಡೆಯಂತೆ ಒತ್ತಾಗಿ ನಿಲ್ಲುವುದು ಪದ್ಧತಿ. ಕೇರಳದ ಗೋಲುಕೀಪರು ತನ್ನವರಿಗೆ ನಿಲ್ಲುವ ಸ್ಥಳವನ್ನು ತೋರಿಸುತ್ತಿದ್ದಾಗ, ಗೋಡೆ ಇನ್ನೂ ಕಟ್ಟುತ್ತಿದ್ದಾಗ, ಛೇತ್ರಿ ಚೆಂಡನ್ನು ಮೆಲ್ಲನೆ ಎತ್ತಿ ಬರಿದಾದ ಗೋಲಿನೊಳಕ್ಕೆ ಹಾಕಿಬಿಟ್ಟರು. ತೀರ್ಪುಗಾರರು ಗೋಲೆಂದರು. ಕೇರಳದ ಆಟಗಾರರು ವಾದಿಸಿದರು; ಅವರ ತರಬೇತುಗಾರರು ತಂಡವನ್ನು ಅಂಗಳದಿಂದ ಹೊರಕ್ಕೆ ಕರೆದುಕೊಂಡು ಹೋದರು. ಮರಳಿ ಬರಲಿಲ್ಲ. ಪಂದ್ಯವನ್ನು ಬೆಂಗಳೂರಿಗೆ ಕೊಟ್ಟರು. ಮುಂದೆ ಕೇರಳದ ಆಕ್ಷೇಪಣೆಯನ್ನು ತಳ್ಳಿಹಾಕಿ, ಕ್ಲಬ್ಬಿಗೆ ೪ ಕೋಟಿ ರೂಪಾಯಿ ದಂಡವನ್ನೂ ತರಬೇತುಗಾರರಿಗೆ ಹತ್ತು ಪಂದ್ಯಗಳ ನಿಷೇಧವನ್ನೂ ವಿಧಿಸಿದರು.

ನಿಯಮವೇನೆಂಬುದನ್ನು ವಾಚಕರು ತಿಳಿಯಬೇಕು. ಫ್ರೀ ಕಿಕ್ ದೊರೆತ ಪಕ್ಷವು ಸೀಟಿಗೆ ಕಾಯದೆ ಒಡನೆಯೇ ಒದೆಯಬಹುದು. ತಪ್ಪು ಮಾಡಿದವರು ಗೋಡೆ ಕಟ್ಟಿಕೊಳ್ಳುವವರೆಗೆ ನೊಂದವರು ಕಾಯುತ್ತ ನಿಲ್ಲಬೇಕೆಂಬುದಿಲ್ಲ. ಆದರೆ ಎದುರಾಳಿಗಳನ್ನು ದೂರ ನಿಲ್ಲಿಸಿರೆಂದು ಒದೆಯುವವನು ಕೇಳಿಕೊಂಡು, ತೀರ್ಪುಗಾರರು ಆ ಕೆಲಸಕ್ಕೆ ಕೈಹಾಕಿದರೆ, ಅಲ್ಲಿಂದ ಮುಂದೆ ಸೀಟಿಯಾಗದೆ ಒದೆಯುವಂತಿಲ್ಲ. ಹಾಗೆ ಕೈಹಾಕಿದ್ದರೋ ಇಲ್ಲವೋ ಎಂಬುದೇ ವ್ಯಾಜ್ಯದ ಬೇರು.

ಮನೆಯಲ್ಲಿ ಪಕ್ಷಗಳು ನಾವು ಊಹಿಸಿದಂತೆ ಆಗಲಿಲ್ಲ. ಬೆಂಗಳೂರಿನ ಭಕ್ತನಾದ ನಮ್ಮ ಹಿರಿಯ ಹುಡುಗ ಮುಖ ಸಣ್ಣ ಮಾಡಿಕೊಂಡು, “ಗೆದ್ದೇವು ಖರೆ ಮುತ್ಯಾ, ಆದ್ರ ಹಿಂಗ ಗೆಲ್ಲಬಾರದಿತ್ತು” ಎಂದನು. ಬೆಂಗಳೂರನ್ನು ಎಂದೂ ಪೂರ್ತಿ ತಮ್ಮದೆಂದುಕೊಳ್ಳದ ಮುತ್ಯಾ ಛೇತ್ರಿಯ ವಕೀಲರಾದರು. “ಆಂವಾ ಕಳವು ಮಾಡ್ಯಾನೇನು? ಚೆಂಡು ನಿಂತದ, ಗೋಲು ಬಿಚ್ಚೇದ. ರಹೀಮ್ ಸಾಬ್ ಇದ್ರ ಬೆನ್ನು ಚಪ್ಪರಿಸ್ತಿದ್ರು” ಎಂದರು. ಎರಡು ಮೂರು ದಿನ ಇದೇ ನಡೆಯಿತು. ಊಟದ ಹೊತ್ತಿನಲ್ಲಿ ಈ ಮಾತನ್ನು ತೆಗೆಯಕೂಡದೆಂದು ಮನೆಯ ಹೆಣ್ಣುಮಕ್ಕಳು ಕಟ್ಟಪ್ಪಣೆ ಮಾಡಬೇಕಾಯಿತು. ನಮ್ಮನ್ನು ಪಂಚರನ್ನಾಗಿ ಮಾಡಿದರು. ನಾವು ಆ ಆಟದ ಚಿತ್ರವನ್ನು ಎಷ್ಟೋ ಸಲ ನೋಡಿದೆವು. ಒದೆತವು ನಿಯಮಕ್ಕೆ ವಿರೋಧವೆಂದು ಹೇಳಲು ನಮಗೆ ಮನಸ್ಸೊಪ್ಪಲಿಲ್ಲ. ಆಟವನ್ನು ಬಿಟ್ಟು ಹೊರಗೆ ನಡೆದುದನ್ನು ಸರಿಯೆನ್ನಲೂ ಆಗಲಿಲ್ಲ, ಏಕೆಂದರೆ ಅವರ ಕೈಯಲ್ಲಿ ಇನ್ನೂ ಇಪ್ಪತ್ತು ನಿಮಿಷಗಳಿಗೂ ಹೆಚ್ಚಿನ ಆಟವಿತ್ತು. ಆದರೂ ಗೆದ್ದ ಪಕ್ಷದ ಹುಡುಗನೊಬ್ಬನಿಗೆ ಸಪ್ಪೆಯೆನಿಸಿತಲ್ಲ, ಅದನ್ನು ತಳ್ಳಿಹಾಕಲು ನಮ್ಮಲ್ಲಿ ನಿಯಮವಿರಲಿಲ್ಲ. ಹೀಗೆ ಎರಡು ಕಡೆಗೂ ಮಾತಾಡಿದುದರಿಂದ ಎರಡು ಕಡೆಯವರೂ ನಮ್ಮನ್ನು ಪಂಚಿಕೆಯಿಂದ ಬಿಡಿಸಿದರು.

ನಮ್ಮ ಊರಿನ ಹುಡುಗರಿಗೆ ಕಂಠೀರವವೂ ಇಲ್ಲ, ಫತೇ ಮೈದಾನವೂ ಇಲ್ಲ. ಸುಗ್ಗಿ ಮುಗಿದ ಮೇಲೆ ಊರಹೊರಗಿನ ಬಯಲಿನಲ್ಲಿ ಎರಡು ಕಲ್ಲುಗಳನ್ನು ಒಂದು ಕಡೆಗೂ ಎರಡು ಚಪ್ಪಲಿಗಳನ್ನು ಇನ್ನೊಂದು ಕಡೆಗೂ ಇಟ್ಟು ಆಡುತ್ತಾರೆ. ಚೆಂಡು ಜಾಲಿಯ ಮುಳ್ಳಿಗೆ ಸಿಕ್ಕಿದ ದಿನ ಆಟ ಬೇಗ ಮುಗಿಯುತ್ತದೆ. ಕಳೆದ ಬೇಸಗೆಯ ಒಂದು ಸಂಜೆ ಮುತ್ಯಾ ಬೇವಿನ ಗಿಡದ ಕೆಳಗೆ ಕೋಲೂರಿ ಕುಳಿತಿದ್ದರು, ನಾವೂ ಬಳಿಯಲ್ಲಿದ್ದೆವು. ಹಿರಿಯ ಹುಡುಗನ ಕಡೆಯವರು ಗೋಡೆ ಕಟ್ಟಲು ಹೆಜ್ಜೆಗಳನ್ನು ಎಣಿಸುತ್ತಿದ್ದಾಗ, ಮನೆಯ ಕಿರಿಯ ಹುಡುಗ ಚೆಂಡನ್ನು ಎರಡು ಚಪ್ಪಲಿಗಳ ನಡುವೆ ಒದ್ದು ಓಡತೊಡಗಿದನು. ಕೂಗಾಟವೆದ್ದಿತು. ಎಲ್ಲರೂ ಗಿಡದ ಕೆಳಗೆ ಬಂದು ನಿಂತರು. ಮುತ್ಯಾ ಬಹಳ ಹೊತ್ತು ಯೋಚಿಸಿ, “ಹೆಜ್ಜಿ ಎಣಿಸು ಅಂತ ನೀನೇ ಹೇಳಿದ್ದ್ಯೇನು?” ಎಂದು ಕಿರಿಯನನ್ನು ಕೇಳಿದರು. ಅವನು ನೆಲ ನೋಡಿದನು. “ಹಂಗಾದ್ರ ಮತ್ತೊಮ್ಮೆ ಒದಿ” ಎಂದರು. ಅವನು ಮತ್ತೊಮ್ಮೆ ಒದೆದನು. ಚೆಂಡು ಜಾಲಿಯ ಕಡೆಗ��� ಹೋಯಿತು.